ಮಂಡಿಗೆ ಪ್ಯಾಕೇಜ್ ಇದೆ, ಮನೆಮಂದಿಗೆ ಪಾಠ ಇಲ್ಲ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಧಿಕಾರಿಗಳಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಟ್ರಸ್ಟ್ ನಡೆಸುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಮಂಡಿ ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಪೂರ್ವಾನುಮತಿ ಕೊಡುವ ಮುನ್ನ ರೋಗಿಗೂ, ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರಿಗೂ ಕನಿಷ್ಠ ಎರಡು ಗಂಟೆಯ ತಯಾರಿ ಪಾಠ ಆಗಿರಲೇಬೇಕು ಎಂಬ ನಿಯಮ ತನ್ನಿ. ಎಕ್ಸ್‌ರೇ ಇಲ್ಲದ ಅರ್ಜಿಯನ್ನು ನೀವು ಮುಂದಕ್ಕೆ ಬಿಡುವುದಿಲ್ಲ. ಅದರ ಜೊತೆಗೆ ಇನ್ನೊಂದು ಹಾಳೆ ಸೇರಲಿ. ಪಾಠ ಯಾವತ್ತು ಆಯಿತು, ಯಾರು ಮಾಡಿದರು, ಮನೆಯವರಲ್ಲಿ ಯಾರು ಬಂದಿದ್ದರು ಎಂಬುದು ಅದರಲ್ಲಿರಲಿ. ಆ ದಿನಕ್ಕೂ ಆಪರೇಷನ್ ದಿನಕ್ಕೂ ನಡುವೆ ಮೂರ್ನಾಲ್ಕು ವಾರ ಅಂತರವಿರಲಿ.

ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಫಿಸಿಯೋಥೆರಪಿಸ್ಟ್. ಆಪರೇಷನ್ ಮುಗಿಸಿಕೊಂಡು ಊರಿಗೆ ಬಂದವರನ್ನು ನಡೆಸುವುದು, ಅವರ ಕಾಲು ಮಡಚಿಸುವುದು ನನ್ನ ಕೆಲಸ. ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ನಾಲ್ಕೈದು ದಿನವಿದ್ದು, ಕೈಯಲ್ಲಿ ಡಿಸ್ಚಾರ್ಜ್ ಸಮರಿ, ಕಾರಿನ ಡಿಕ್ಕಿಯಲ್ಲಿ ವಾಕರ್ ಇಟ್ಟುಕೊಂಡು ಬರುತ್ತಾರೆ. ಅವರಿಗೆ ಯಾರೂ ಹೇಳದೆ ಬಿಟ್ಟ ಮಾತುಗಳ ಫಲವನ್ನು ದಿನಾ ನೋಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ದುಡ್ಡಿನ ಕಡೆಯಿಂದ ಸರ್ಕಾರಗಳು ಮಾಡಿದ್ದು ಸಣ್ಣ ಕೆಲಸವಲ್ಲ. 2017ರ ಆಗಸ್ಟ್ 16ರಂದು ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಕೃತಕ ಕೀಲುಗಳಿಗೆ, ಅಂದರೆ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಅಲ್ಲಿಯವರೆಗೆ ಒಂದೂವರೆ ಲಕ್ಷ ದಾಟುತ್ತಿದ್ದ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿ, ಜಿಎಸ್‌ಟಿ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಮರುವರ್ಷ ನಮ್ಮ ರಾಜ್ಯದ ಯೋಜನೆ ಆಯುಷ್ಮಾನ್ ಜೊತೆ ಸೇರಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ರಕ್ಷಣೆ ಬಂತು. ಕೂಲಿ ಮಾಡಿದವರು, ಅಡಿಕೆ ಸುಲಿದವರು, ಜೀವಮಾನವಿಡೀ ಕುಕ್ಕರಗಾಲಲ್ಲಿ ಕೂತು ಹಾಲು ಕರೆದವರು ಕೂಡ ಈಗ ಮಂಡಿ ಬದಲಾಯಿಸಿಕೊಳ್ಳುತ್ತಾರೆ. ಲೋಹಕ್ಕೆ, ಥಿಯೇಟರಿಗೆ, ಹಾಸಿಗೆಗೆ ಪ್ಯಾಕೇಜಿನಲ್ಲಿ, ಅಂದರೆ ಒಂದು ಆಪರೇಷನ್ನಿಗೆಂದು ಯೋಜನೆ ಆಸ್ಪತ್ರೆಗೆ ಕೊಡುವ ಗೊತ್ತಾದ ಮೊತ್ತದಲ್ಲಿ ಲೆಕ್ಕವಿದೆ. ರೋಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು ಮಾತಾಡುವ ಸಮಯಕ್ಕೆ ಲೆಕ್ಕವಿಲ್ಲ. ಲೆಕ್ಕವಿಲ್ಲದ ಕೆಲಸ ನಡೆಯುವುದೂ ಇಲ್ಲ.

ಈಗ ನಡೆಯುವುದು ಹೀಗೆ. ಹಿಂದಿನ ದಿನ ಸಂಜೆ ಅಡ್ಮಿಷನ್. ರಾತ್ರಿ ಒಬ್ಬ ಜೂನಿಯರ್ ಡಾಕ್ಟರ್ ಬಂದು ನಾಲ್ಕೈದು ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ‘ಬೆಳಿಗ್ಗೆ ಏನೂ ತಿನ್ನಬೇಡಿ, ಬಳೆ ತೆಗೆದಿಡಿ’ ಅನ್ನುತ್ತಾರೆ. ಸಹಿ ಮಾಡುವುದು ಮಗ. ಒಪ್ಪಿಗೆ ಪತ್ರ ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲೇ ಹೇಳಿದೆ: ಚಿಕಿತ್ಸೆ ಏನು, ಯಾಕೆ, ಲಾಭವೇನು, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳೇನು ಎಂಬುದನ್ನು ರೋಗಿ ತಿಳಿದು ಕೊಟ್ಟರೆ ಮಾತ್ರ ಅದು ಒಪ್ಪಿಗೆ. ರಾತ್ರಿ ಒಂಬತ್ತು ಗಂಟೆಗೆ, ಹೆದರಿ ಕೂತ ಎಪ್ಪತ್ತರ ಅಜ್ಜಿಗೆ, ಮಗನ ತಲೆಯ ಮೇಲಿಂದ ಹೇಳಿದ ಎರಡು ಮಾತಿನಲ್ಲಿ ಇದೆಲ್ಲ ಆಗುತ್ತದೆ ಎಂದು ನೀವೂ ನಂಬಲಾರಿರಿ.

ಡಿಸ್ಚಾರ್ಜ್ ಆದ ಮನೆಗೆ ಹೋದರೆ ನನ್ನ ಕಣ್ಣಿಗೆ ಮೊದಲು ಬೀಳುವುದು ಮಂಡಿಯ ಕೆಳಗಿನ ದಿಂಬು. ಕಾಲು ನೀಡಿದರೆ ನೋವು, ಸ್ವಲ್ಪ ಮಡಚಿಟ್ಟರೆ ಹಾಯ್ ಅನಿಸುತ್ತದೆ. ಹಾಗಾಗಿ ಸೊಸೆ ಪ್ರೀತಿಯಿಂದಲೇ ದಿಂಬು ಇಟ್ಟಿರುತ್ತಾಳೆ. ಹಗಲೂ ರಾತ್ರಿ ಹಾಗೇ ಇದ್ದ ಕಾಲು ಕೆಲವೇ ವಾರಗಳಲ್ಲಿ ಪೂರ್ತಿ ನೇರವಾಗುವುದನ್ನು ಮರೆಯುತ್ತದೆ. ಆಮೇಲೆ ಕುಂಟು ನಡಿಗೆ, ಸೊಂಟನೋವು. ದಿಂಬು ಇಡಬೇಕಾದ್ದು ಹಿಮ್ಮಡಿಯ ಕೆಳಗೆ. ಹೇಳಲು ಅರ್ಧ ನಿಮಿಷ ಸಾಕು. ಆಸ್ಪತ್ರೆಯಲ್ಲಿ ಹೇಳಿರಲಿಕ್ಕೂ ಸಾಕು, ಆದರೆ ಕೇಳಿಸಿಕೊಂಡವನು ಬಿಲ್ಲಿಂಗ್ ಕೌಂಟರಿಗೂ ವಾರ್ಡಿಗೂ ಓಡಾಡುತ್ತಿದ್ದ ಮಗ. ದಿಂಬು ಇಡುವವಳು ಆಸ್ಪತ್ರೆಯನ್ನೇ ನೋಡದೆ ಮನೆಯಲ್ಲಿ ದನಕರು, ಮಕ್ಕಳು ಎಂದು ನಿಂತಿದ್ದವಳು.

ಇನ್ನು ನಂಜು. ಗಾಯವಾದವರಿಗೆ ಬದನೆ, ಕುಂಬಳ, ಉದ್ದು, ಮೀನು, ಮೊಟ್ಟೆ ಕೊಟ್ಟರೆ ಕೀವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ದೊಡ್ಡ ಆಪರೇಷನ್ ಆದ ದೇಹ ಗಾಯ ಕೂಡಿಸಿಕೊಳ್ಳಲು ಪ್ರೋಟೀನ್ ಬೇಡುವ ಹೊತ್ತಿಗೆ ಗಂಜಿ, ತಿಳಿಸಾರು, ಹಪ್ಪಳದಲ್ಲಿ ಮೂರು ವಾರ ತಳ್ಳಿರುತ್ತಾರೆ. ಅಜ್ಜಿಯಂದಿರ ಪಥ್ಯವನ್ನು ಹೀಗಳೆದರೆ ಯಾರೂ ಕೇಳುವುದಿಲ್ಲ. ‘ನಂಜು ಅನ್ನಿಸಿದ್ದನ್ನು ಬಿಡಿ ಅಮ್ಮ, ಆದರೆ ಬೇಳೆ, ಹೆಸರುಕಾಳು, ಹಾಲು, ಮೊಸರು ಬಿಡಬೇಡಿ’ ಎಂದು ಮೊದಲೇ ಮಾತಾಡಿಕೊಂಡರೆ ಒಪ್ಪುತ್ತಾರೆ. ಹೊಲಿಗೆಯ ಮೇಲೆ ಅರಿಶಿನ ಹಚ್ಚುವುದು, ಹೊಲಿಗೆ ಬಿಚ್ಚಿದ ಮರುದಿನವೇ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು ಇನ್ನೊಂದು ಬಗೆ. ಕೃತಕ ಕೀಲಿಗೆ ಸೋಂಕು ತಗಲುವುದು ನೂರರಲ್ಲಿ ಒಬ್ಬಿಬ್ಬರಿಗೆ. ಆದರೆ ತಗಲಿತೆಂದರೆ ಮತ್ತೆ ಕೊಯ್ದು ತೊಳೆಯಬೇಕು, ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆಯಬೇಕು. ಆ ಖರ್ಚು ಬರುವುದೂ ನಿಮ್ಮ ಟ್ರಸ್ಟಿನ ತಲೆಗೇ.

ನೋವಿನ ಮಾತ್ರೆಯ ವಿಷಯ ಬೇರೆಯೇ ಕತೆ. ‘ಕಿಡ್ನಿ ಹೋಗುತ್ತೆ ಮೇಡಂ’ ಎಂದು ಮೂರನೇ ದಿನಕ್ಕೇ ನಿಲ್ಲಿಸಿರುತ್ತಾರೆ. ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ಕೇಳಿ ತಂದು ನುಂಗುವ ಮಾತ್ರೆಗೆ ಆ ಹೆದರಿಕೆ ನ್ಯಾಯವೇ. (ವಿಚಿತ್ರವೆಂದರೆ ಆಪರೇಷನ್‌ಗೆ ಮೊದಲು ಹತ್ತು ವರ್ಷ ಅವನ್ನೇ ನುಂಗಿದವರಿಗೆ ಈ ಹೆದರಿಕೆ ಆಪರೇಷನ್ ಆದ ಮೇಲೆ ಶುರುವಾಗುತ್ತದೆ.) ಆದರೆ ಡಾಕ್ಟರು ಕಿಡ್ನಿ ಪರೀಕ್ಷೆ ನೋಡಿ, ಕೆಲವು ವಾರಕ್ಕೆ ಎಂದು ಬರೆದುಕೊಟ್ಟ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಕಾಲು ಮಡಚಲು ಆಗುತ್ತದೆ. ತೆಗೆದುಕೊಳ್ಳದಿದ್ದರೆ ಮುಟ್ಟಲೂ ಬಿಡುವುದಿಲ್ಲ. ಮೊದಲ ಆರು ವಾರ ಕೈತಪ್ಪಿದರೆ ಒಳಗಿನ ಗಾಯ ಗಟ್ಟಿಯಾಗಿ ಮಂಡಿ ಬಿಗಿಯುತ್ತದೆ. ಕೆಲವರನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದು, ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಚಿಸಬೇಕಾಗುತ್ತದೆ.

ಮನೆಯೂ ತಯಾರಿರುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಮನೆಗೆ ಮಂಚ ಬೇಕು. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯಾದರೂ ಬೇಕು. ಹಳೆಯ ಮನೆಗಳ ಬಚ್ಚಲ ಬಾಗಿಲು ಎಷ್ಟು ಕಿರಿದೆಂದರೆ ಆಸ್ಪತ್ರೆಯಲ್ಲಿ ಕೊಟ್ಟ ವಾಕರ್ ಒಳಗೆ ಹೋಗುವುದಿಲ್ಲ. ಎತ್ತರದ ಹೊಸ್ತಿಲು ಬೇರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ದಾಟಿ ಹೋಗಬೇಕಾದ ಪಾಯಿಖಾನೆ ಇನ್ನೂ ಎಷ್ಟೋ ಮನೆಗಳಲ್ಲಿದೆ. ತಿಂಗಳು ಮೊದಲೇ ತಿಳಿದಿದ್ದರೆ ಬಡಗಿಯನ್ನು ಕರೆಸಿ ಗೋಡೆಗೊಂದು ಹಿಡಿಕೆ ಹಾಕಿಸುತ್ತಾರೆ, ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಾರೆ, ಆಪರೇಷನ್ನನ್ನೇ ಮಳೆ ನಿಂತ ಮೇಲಕ್ಕೆ ಇಟ್ಟುಕೊಳ್ಳುತ್ತಾರೆ. ನಮ್ಮ ಜನ ಇಂಥದ್ದರಲ್ಲಿ ಬಹಳ ಜಾಣರು. ಹೇಳಬೇಕು ಅಷ್ಟೆ.

ಹೇಳದೆ ಉಳಿಯುವುದರಲ್ಲಿ ದೊಡ್ಡದು ನೆಲದ ಮೇಲೆ ಕೂರುವ ಮಾತು. ಹೊಸ ಮಂಡಿ ಹೆಚ್ಚಿನವರಿಗೆ 110ರಿಂದ 120 ಡಿಗ್ರಿಯವರೆಗೆ ಮಡಚುತ್ತದೆ. ಮೆಟ್ಟಿಲಿಗೆ, ಕುರ್ಚಿಗೆ, ಬಸ್ಸಿಗೆ ಅಷ್ಟು ಸಾಕು. ಕುಕ್ಕರಗಾಲಲ್ಲಿ ಕೂರಲು ಸಾಲದು. ಆಪರೇಷನ್‌ಗೆ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಎಂಬುದರ ಮೇಲೆ ನಂತರದ ಮಡಚುವಿಕೆ ಬಹುಪಾಲು ನಿಂತಿದೆ. ‘ಹೈ-ಫ್ಲೆಕ್ಸ್’ (ಹೆಚ್ಚು ಮಡಚುವಂಥದ್ದು) ಎಂದು ಮಾರುವ ಇಂಪ್ಲಾಂಟ್ ಹಾಕಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸವನ್ನು ಹೋಲಿಕೆಯ ಅಧ್ಯಯನಗಳು ಕಂಡಿಲ್ಲ. ಆದರೆ ಜಾಹೀರಾತುಗಳು ಹೇಳುವುದೇನು? ಹೊಸ ಮಂಡಿಯ ಅಜ್ಜಿ ಚಕ್ಕಳಮಕ್ಕಳ ಹಾಕಿ ಕೂತು ನಗುತ್ತಿರುತ್ತಾರೆ. ಅದನ್ನು ನೋಡಿ ಹೋದವರು ಮದುವೆ ಮನೆಯ ಪಂಕ್ತಿಯಲ್ಲಿ, ಮಸೀದಿಯ ನಮಾಜಿನಲ್ಲಿ ಕುರ್ಚಿ ಕೇಳಬೇಕಾದಾಗ ಮೋಸಹೋದೆವು ಅಂದುಕೊಳ್ಳುತ್ತಾರೆ. ನೋವಿಲ್ಲದೆ ಎರಡು ಕಿಲೋಮೀಟರ್ ನಡೆಯುತ್ತಿರುತ್ತಾರೆ, ಆದರೂ ‘ಆಪರೇಷನ್ ಫೇಲ್ ಆಯ್ತು’ ಅನ್ನುತ್ತಾರೆ. ಕೆನಡಾದ ಒಂಟಾರಿಯೊದಲ್ಲಿ ಮಂಡಿ ಬದಲಾಯಿಸಿಕೊಂಡ 1703 ಜನರನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೃಪ್ತಿಯಿರಲಿಲ್ಲ. ಅತೃಪ್ತಿಯ ಜೊತೆ ಎಲ್ಲಕ್ಕಿಂತ ಬಲವಾಗಿ ಹೆಣೆದುಕೊಂಡಿದ್ದ ಕಾರಣ, ಅಂದುಕೊಂಡದ್ದು ಆಗದೆ ಹೋದದ್ದು. ಅಂದುಕೊಳ್ಳುವುದನ್ನು ತಿದ್ದಲು ಚಾಕು ಬೇಡ, ಮಾತು ಸಾಕು. ಆದರೆ ಆ ಮಾತು ಮೊದಲೇ ಆಗಬೇಕು. ಆಮೇಲೆ ಹೇಳಿದರೆ ಅದು ಸಬೂಬಿನಂತೆ ಕೇಳುತ್ತದೆ.

ಇಂಥವು ಇನ್ನೂ ಇವೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ನಲ್ಲಿ ಎಚ್ಚರವಿದ್ದರೆ ಡ್ರಿಲ್ಲಿನ, ಸುತ್ತಿಗೆಯ ಸದ್ದು ಕೇಳಬಹುದು. ಕೊಯ್ದ ಗೆರೆಯ ಹೊರಪಕ್ಕದಲ್ಲಿ ಅಂಗೈಯಷ್ಟು ಜಾಗ ಜೋಮು ಹಿಡಿದಂತಿದ್ದು, ಅದು ಕಡೆಯವರೆಗೂ ಹಾಗೇ ಉಳಿಯಬಹುದು. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ, ನಡೆಯುವಾಗ ಟಕ್ ಅನ್ನುತ್ತದೆ, ಮೊದಲ ಒಂದೂವರೆ ತಿಂಗಳು ರಾತ್ರಿ ನಿದ್ದೆ ಕೆಡುತ್ತದೆ. ಇವು ಯಾವುವೂ ಕಾಯಿಲೆಯಲ್ಲ. ಗೊತ್ತಿಲ್ಲದವರು ಮಾತ್ರ ನಡುರಾತ್ರಿ ಬಾಡಿಗೆ ಕಾರು ಮಾಡಿಕೊಂಡು ಓಡುತ್ತಾರೆ. ನಿಜಕ್ಕೂ ಓಡಬೇಕಾದಾಗ, ಅಂದರೆ ಮೀನಖಂಡ ಊದಿ ಬಿಗಿದು ನೋಯುವಾಗ, ಏಕಾಏಕಿ ಉಸಿರು ಕಟ್ಟುವಾಗ, ಗಾಯದಿಂದ ನೀರು ಸೋರುವಾಗ, ‘ನಾಳೆ ನೋಡೋಣ’ ಎಂದು ಕೂರುತ್ತಾರೆ.

ಮೂರ್ನಾಲ್ಕು ವಾರ ಮೊದಲು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಕೆಲವು ಕೆಲಸ ಹಿಂದಿನ ದಿನ ಆಗುವಂಥವಲ್ಲ. ತೊಡೆಯ ಮುಂಭಾಗದ ಸ್ನಾಯು ವರ್ಷಾನುಗಟ್ಟಲೆ ನೋವಿನಲ್ಲಿ ಸೊರಗಿರುತ್ತದೆ. ಮಂಚದ ಮೇಲೆ ಕಾಲು ನೀಡಿ ಮಂಡಿಯನ್ನು ಕೆಳಕ್ಕೆ ಒತ್ತುವುದು, ನೇರ ಕಾಲನ್ನು ಎತ್ತಿ ಹಿಡಿಯುವುದು, ಪಾದ ಮೇಲೆ ಕೆಳಗೆ ಆಡಿಸುವುದು, ಇವನ್ನು ನೋವು ಕಡಿಮೆಯಿರುವಾಗಲೇ ಕಲಿತವರಿಗೆ ಆಪರೇಷನ್ ಮರುದಿನ ಅವು ಹೊಸದಾಗಿರುವುದಿಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ ಎಂಬುದು ಮೈಗೆ ಹತ್ತಲು ಅಭ್ಯಾಸ ಬೇಕು. ಶುಗರ್ ಇದ್ದವರ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ (HbA1c) ಹತ್ತರಷ್ಟಿದ್ದರೆ ಅದನ್ನು ಎಂಟರೊಳಗೆ ತರಲು ವಾರಗಳೇ ಬೇಕು. ಬೀಡಿ ಬಿಡಲು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಡಲು ನಾಲ್ಕು ವಾರವಾದರೂ ಬೇಕು. ಒಡೆದ ಹಿಮ್ಮಡಿ, ತೋಟದ ಕೆಸರಿನಲ್ಲಿ ಕೊಳೆತ ಬೆರಳಸಂದಿ, ಹುಳುಕು ಹಲ್ಲು, ಉರಿಮೂತ್ರ, ಇವೆಲ್ಲ ಸೋಂಕು ಒಳಹೋಗುವ ದಾರಿಗಳು. ಮೊದಲೇ ಮುಚ್ಚಬೇಕು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಮೂರು ತಿಂಗಳಾಗದಿದ್ದರೆ ಸರ್ಜನ್‌ಗೆ ಹೇಳಬೇಕು. ಊರಿನ ಪಂಡಿತರು ಕೊಟ್ಟ ಪುಡಿಯ ವಿಷಯವನ್ನಂತೂ ಹೇಳಲೇಬೇಕು, ಏಕೆಂದರೆ ತಿಂದ ಎರಡೇ ದಿನಕ್ಕೆ ನೋವು ಮಾಯ ಮಾಡುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಹೃದಯದ ರೋಗಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅದನ್ನು ತಾವಾಗಿಯೇ ನಿಲ್ಲಿಸಲೂಬಾರದು, ಮುಚ್ಚಿಡಲೂಬಾರದು.

ನಿಮ್ಮ ತಜ್ಞರು ಒಂದು ಆಕ್ಷೇಪ ಎತ್ತಬಹುದು, ಅದನ್ನು ನಾನೇ ಮುಂದಿಡುತ್ತೇನೆ. ಸೊಂಟ ಮತ್ತು ಮಂಡಿ ಕೀಲು ಬದಲಿಗೆ ಮುಂಚಿನ ಶಿಕ್ಷಣದ ಬಗ್ಗೆ 2014ರಲ್ಲಿ ಬಂದ ಕೊಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಅಂತರರಾಷ್ಟ್ರೀಯ ಸಂಸ್ಥೆ) ಪರಾಮರ್ಶೆ 18 ಪ್ರಯೋಗಗಳನ್ನು, 1463 ರೋಗಿಗಳನ್ನು ಒಟ್ಟುಮಾಡಿ ನೋಡಿತು. ಎಂದಿನ ಆರೈಕೆಗಿಂತ ಹೆಚ್ಚಿನ ಲಾಭ ನೋವಿನಲ್ಲಾಗಲಿ, ನಡಿಗೆಯಲ್ಲಾಗಲಿ, ಆತಂಕದಲ್ಲಾಗಲಿ ಸ್ಪಷ್ಟವಾಗಿ ಕಾಣಲಿಲ್ಲ ಎಂದಿತು. ಹಾಗಾದರೆ ಪಾಠ ಯಾಕೆ? ಆ ಪ್ರಯೋಗಗಳಲ್ಲಿ ಹೆಚ್ಚಿನವು ಸೊಂಟದ ಕೀಲಿನವು. ಅದಕ್ಕಿಂತ ಮುಖ್ಯವಾದದ್ದು, ಎಲ್ಲ ಹೋಲಿಕೆಯೂ ‘ಎಂದಿನ ಆರೈಕೆ’ಯ ಜೊತೆ. ಮುಂದುವರಿದ ದೇಶದ ಆಸ್ಪತ್ರೆಯಲ್ಲಿ ಎಂದಿನ ಆರೈಕೆಯಲ್ಲೇ ತಿಳಿವಳಿಕೆಯ ಪುಸ್ತಿಕೆ, ದಾದಿಯ ಜೊತೆ ಮಾತು, ಮನೆಗೆ ಬೇಕಾದ ಸಾಮಾನಿನ ವಿಚಾರಣೆ ಸೇರಿಹೋಗಿರುತ್ತವೆ. ಹೊಟ್ಟೆ ತುಂಬಿದವನಿಗೆ ಬಡಿಸಿದ ಇನ್ನೊಂದು ತುತ್ತಿನ ಲಾಭ ಅಳೆದು, ಹಸಿದವನಿಗೂ ಊಟ ಬೇಡ ಅನ್ನಲಾದೀತೇ? ಆತಂಕ, ಖಿನ್ನತೆ ಅಥವಾ ಆಗದ ನಿರೀಕ್ಷೆ ಇಟ್ಟುಕೊಂಡವರಿಗೆ ಇದು ನೆರವಾಗಬಹುದು ಎಂದೂ ಅದೇ ಪರಾಮರ್ಶೆ ಹೇಳಿದೆ. ಅದೆಲ್ಲ ಬಂದ ಮೇಲೂ ಚಿಕಿತ್ಸೆಗಳಿಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2020ರ ಜೂನ್‌ನ ಮಾರ್ಗಸೂಚಿಯಲ್ಲಿ, ಆಪರೇಷನ್‌ಗೆ ಮುಂಚಿನ ವ್ಯಾಯಾಮ, ತೂಕ, ಆಹಾರ, ಧೂಮಪಾನದ ಬಗ್ಗೆ ರೋಗಿಗೆ ಸಲಹೆ ಕೊಡಬೇಕೆಂದೇ ಬರೆಯಿತು. ಪಾಠದಿಂದ ಮಂಡಿ ಪವಾಡದಂತೆ ಮಡಚುತ್ತದೆ ಎಂದು ನಾನೂ ಹೇಳುತ್ತಿಲ್ಲ. ದಿಂಬು ಸರಿಯಾದ ಜಾಗದಲ್ಲಿರುತ್ತದೆ ಎನ್ನುತ್ತಿದ್ದೇನೆ.

ಖಾಸಗಿ ಆಸ್ಪತ್ರೆಗಳವರ ಆಕ್ಷೇಪ ಬೇರೆ. ‘ಎಲ್ಲ ಬಿಡಿಸಿ ಹೇಳಿದರೆ ಹೆದರಿ ವಾಪಸ್ ಹೋಗುತ್ತಾರೆ.’ ಹೋಗಲಿ. ಕೆಲವರು ಹೋಗಬೇಕಾದವರೇ. ಡೆನ್ಮಾರ್ಕಿನಲ್ಲಿ ಮಂಡಿ ಬದಲಿಗೆ ಅರ್ಹರಾಗಿದ್ದ 100 ಜನರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್ ಇಲ್ಲದೆ ವ್ಯಾಯಾಮ, ತಿಳಿವಳಿಕೆ, ಆಹಾರ ಸಲಹೆ, ಪಾದರಕ್ಷೆಯ ಒಳಪದರ, ನೋವಿನ ಔಷಧಿ ಕೊಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆಪರೇಷನ್ ಆದವರೇ ಹೆಚ್ಚು ಸುಧಾರಿಸಿದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆಗದವರ ಗುಂಪಿನಲ್ಲಿ ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು ನಾಲ್ವರಲ್ಲಿ ಒಬ್ಬರಷ್ಟೇ. ಉಳಿದವರು ತಮಗಾದ ಸುಧಾರಣೆಯಲ್ಲೇ ಒಂದು ವರ್ಷ ಕಳೆದರು. ಐವತ್ತೈದಕ್ಕೇ ಎರಡೂ ಮಂಡಿ ಬದಲಾಯಿಸಿಕೊಳ್ಳಲು ಹೊರಟವರಿಗೆ ಈ ದಾರಿಯೂ ಇದೆ ಎಂದು ಹೇಳುವುದು ಒಪ್ಪಿಗೆಯ ಭಾಗವೇ ಅಲ್ಲವೇ? ಎಲ್ಲ ಕೇಳಿಯೂ ‘ಆಗಲಿ, ಮಾಡಿ’ ಅಂದವರು ಗಟ್ಟಿ ಮನಸ್ಸಿನಲ್ಲಿ ಬರುತ್ತಾರೆ. ಅವರಿಗೆ ಧೈರ್ಯ ಕೊಡುವ ಅಂಕಿಯೂ ಇದೆ: 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಅಂದಾಜಿನಂತೆ, ಪೂರ್ಣ ಮಂಡಿ ಬದಲಿಗಳಲ್ಲಿ ನೂರಕ್ಕೆ 82ರಷ್ಟು 25 ವರ್ಷ ಬಾಳುತ್ತವೆ.

ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ನಿಗಮವೂ ಬೇಡ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ರೋಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತರಬೇಕೆಂದು ನೀವೇ ಇಟ್ಟಿದ್ದೀರಿ. ಈಗ ಅದು ಸರತಿಯಲ್ಲಿ ನಿಂತು ಸೀಲು ಹಾಕಿಸಿಕೊಳ್ಳುವ ಕೆಲಸವಾಗಿದೆ. ಪಾಠದ ಜಾಗ ಅದೇ ಆಗಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿದೆ, ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನಲ್ಲಿ ಶುಗರ್ ನೋಡುವವರಿದ್ದಾರೆ. ತಿಂಗಳಿಗೆ ಎರಡು ದಿನ ಗೊತ್ತುಮಾಡಿ, ಎಂಟು-ಹತ್ತು ರೋಗಿಗಳನ್ನು ಮನೆಯವರ ಸಮೇತ ಒಂದು ಕೋಣೆಯಲ್ಲಿ ಕೂರಿಸಿ. ಒಂದು ವಾಕರ್, ಒಂದು ಕಮೋಡ್ ಕುರ್ಚಿ, ಒಂದು ಮಂಚ, ಮಂಡಿಯ ಒಂದು ಮಾದರಿ ಇದ್ದರೆ ಸಾಕು. ಮಂಡಿಚಿಪ್ಪನ್ನೇ ಕಿತ್ತು ಹೊಸದು ಹಾಕುತ್ತಾರೆ ಎಂದುಕೊಂಡವರಿಗೆ, ಸವೆದ ಮೂಳೆತುದಿಗಳ ತೆಳು ಪದರ ತೆಗೆದು ಲೋಹದ ಹೊದಿಕೆ ಹಾಕಿ ನಡುವೆ ಪ್ಲಾಸ್ಟಿಕ್ ಇಡುತ್ತಾರೆ ಎಂಬುದು ಆ ಮಾದರಿ ಕೈಗೆ ಕೊಟ್ಟಾಗ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಆರು ತಿಂಗಳ ಹಿಂದೆ ಆಪರೇಷನ್ ಆದ ಒಬ್ಬರನ್ನು ಕರೆಸಿ. ನಾವು ಗಂಟೆ ಹೊತ್ತು ಹೇಳಿದ್ದಕ್ಕಿಂತ, ‘ಮೊದಲ ಹದಿನೈದು ದಿನ ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸ್ತದೆ ಅಕ್ಕಾ, ಆಮೇಲೆ ಹಾಗಲ್ಲ’ ಎಂದು ಅವರು ಹೇಳುವ ಒಂದು ಮಾತು ಹೆಚ್ಚು ನಾಟುತ್ತದೆ.

ಒಂದೆರಡು ವಿಷಯಕ್ಕೆ ದಯವಿಟ್ಟು ರಾಜಿಯಾಗಬೇಡಿ. ಕರಪತ್ರ ಹಂಚಿ ಪಾಠ ಆಯಿತೆಂದು ಬರೆಯಲು ಬಿಡಬೇಡಿ. ಈ ವಯಸ್ಸಿನ ಎಷ್ಟೋ ಹೆಂಗಸರು ಓದುಬಲ್ಲವರಲ್ಲ. ವಾಟ್ಸ್ಆ್ಯಪ್ ವಿಡಿಯೊ ಇರಲಿ, ಮನೆಗೆ ಹೋದ ಮೇಲೆ ನೆನಪಿಗೆ ಅದು ಒಳ್ಳೆಯದು, ಆದರೆ ವಿಡಿಯೊ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪಾಠ ಕನ್ನಡದಲ್ಲಿರಲಿ, ಬೇಕಾದ ಕಡೆ ತುಳು, ಉರ್ದು, ಲಂಬಾಣಿ, ಕೊಂಕಣಿಯಲ್ಲಿರಲಿ. ಕೊನೆಗೆ ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. ‘ಮನೆಗೆ ಹೋಗಿ ದಿಂಬು ಎಲ್ಲಿಡ್ತೀರಿ, ತೋರಿಸಿ’ ಅನ್ನಿ. ಬರುವವರು ಸಹಿ ಹಾಕುವ ಮಗನಾಗಿದ್ದರೆ ಸಾಲದು, ಬಚ್ಚಲಿಗೆ ಕರೆದೊಯ್ಯುವ ಕೈ ಯಾರದೋ ಅವರೇ ಬರಬೇಕು. ಅವರ ಒಂದು ದಿನದ ಬಸ್ ಚಾರ್ಜು, ಕೂಲಿ ನಷ್ಟವನ್ನು ಪ್ಯಾಕೇಜಿನಿಂದಲೇ ಕೊಡಿ.

ಇಡೀ ರಾಜ್ಯಕ್ಕೆ ಒಮ್ಮೆಗೇ ಬೇಡ ಅನ್ನಿಸಿದರೆ ಒಂದು ಜಿಲ್ಲೆಯಲ್ಲಿ ವರ್ಷ ನಡೆಸಿ ನೋಡಿ. ಪಾಠ ಕೇಳಿದವರದೂ ಕೇಳದವರದೂ ಆರನೇ ವಾರದ ಮಂಡಿ ಎಷ್ಟು ಮಡಚುತ್ತದೆ, ಎಷ್ಟು ನೇರವಾಗುತ್ತದೆ, ಎಷ್ಟು ಜನ ಸೋಂಕಿನಿಂದ ಅಥವಾ ಬಿಗಿತದಿಂದ ಮತ್ತೆ ದಾಖಲಾದರು ಎಂದು ಬರೆದಿಡಿ. ಮರುದಾಖಲಾತಿಯ ಕ್ಲೈಮುಗಳು ಹೇಗೂ ನಿಮ್ಮ ಕಂಪ್ಯೂಟರಿನಲ್ಲೇ ಇವೆ. ಫಲ ಕಾಣದಿದ್ದರೆ ನಿಲ್ಲಿಸಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ. ಶುರುಮಾಡುವ ಮನಸ್ಸಿದ್ದರೆ, ಎರಡು ಗಂಟೆಯ ಪಾಠದ ಕರಡನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಲು ನಾನು ತಯಾರಿದ್ದೇನೆ. ನಮ್ಮ ಊರಿನ ಮೊದಲ ತರಗತಿಗಳನ್ನು ಸಂಬಳ ಕೇಳದೆ ತೆಗೆದುಕೊಳ್ಳುತ್ತೇನೆ. ವಾಕರ್ ನನ್ನ ಹತ್ತಿರವೇ ಇದೆ, ಮಂಡಿಯ ಮಾದರಿಯೊಂದನ್ನು ಇಲಾಖೆ ಕೊಡಿಸಲಿ.

ಇಂತಿ,
ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಫಿಸಿಯೋಥೆರಪಿಸ್ಟ್